ಗಡಸು ನೀರಿನ ಊರುಗಳಲ್ಲಿ ಬೆವರಿನ ವಾಸನೆಗೆ ಸಹಜ ಪರಿಹಾರ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಬಿಸಿಲು ಏರತೊಡಗಿದಂತೆ ಕಂಕುಳಿನ ವಾಸನೆಗೆ ಮನೆಮದ್ದು ಕೇಳುವವರೂ ಹೆಚ್ಚುತ್ತಾರೆ. ಅವರಿಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಎರಡು: ನಿಂಬೆಹಣ್ಣಿನ ಹೋಳು ಉಜ್ಜಿಕೊಳ್ಳುವುದು, ಇಲ್ಲವೇ ಅಡುಗೆ ಸೋಡಾ ಹಚ್ಚಿಕೊಳ್ಳುವುದು. ಇವೆರಡರಿಂದಲೂ ಚರ್ಮ ಕೆಡಿಸಿಕೊಂಡವರು ನಮ್ಮ ನಡುವೆ ಸಾಕಷ್ಟು ಇದ್ದಾರೆ. ನನ್ನ ಅಭಿಪ್ರಾಯದಲ್ಲಿ, ಕೊಳವೆಬಾವಿಯ ಗಡಸು ನೀರನ್ನೇ ನಂಬಿರುವ ನಮ್ಮ ಊರುಗಳಲ್ಲಿ ಏನನ್ನು ಹಚ್ಚಬೇಕು ಎಂದು ಹುಡುಕುವ ಮೊದಲು ಮೈಯನ್ನೂ ಬಟ್ಟೆಯನ್ನೂ ತೊಳೆಯುವ ಕ್ರಮವನ್ನು ಸರಿಪಡಿಸಿಕೊಳ್ಳಬೇಕು. ಅರ್ಧಕ್ಕಿಂತ ಹೆಚ್ಚಿನ ಕೆಲಸ ಅಲ್ಲಿಯೇ ಮುಗಿಯುತ್ತದೆ.

ಬೆವರಿಗೆ ಸ್ವತಃ ವಾಸನೆ ಇಲ್ಲವೆಂದೇ ಹೇಳಬೇಕು. ಮೈಯೆಲ್ಲ ಹರಡಿರುವ ಬೆವರು ಗ್ರಂಥಿಗಳು ಉಪ್ಪುನೀರನ್ನು ಹೊರಬಿಟ್ಟು ದೇಹವನ್ನು ತಂಪಾಗಿಡುತ್ತವೆ. ಕಂಕುಳು, ತೊಡೆಸಂದುಗಳಲ್ಲಿರುವ ಇನ್ನೊಂದು ಬಗೆಯ ಗ್ರಂಥಿಗಳು ಹರೆಯಕ್ಕೆ ಬಂದ ಮೇಲೆ ಕೆಲಸ ಆರಂಭಿಸಿ, ಕೊಬ್ಬು ಮತ್ತು ಪ್ರೋಟೀನಿನ ಅಂಶವಿರುವ ತುಸು ಮಂದವಾದ ದ್ರವವನ್ನು ಸುರಿಸುತ್ತವೆ. ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಕೊರಿನೆಬ್ಯಾಕ್ಟೀರಿಯಂ ಮತ್ತು ಸ್ಟೆಫಿಲೊಕಾಕಸ್ ಗುಂಪಿನವು, ಆ ದ್ರವವನ್ನು ಒಡೆದಾಗ ಹುಟ್ಟುವ ಆಮ್ಲಗಳೂ ಗಂಧಕದ ಸಂಯುಕ್ತಗಳೂ ವಾಸನೆಗೆ ಕಾರಣ. ಹಾಗಾಗಿ ಬೆವರುವುದನ್ನು ನಿಲ್ಲಿಸಬೇಕಾದ ಅಗತ್ಯವಿಲ್ಲ. ಬ್ಯಾಕ್ಟೀರಿಯಾಗಳಿಗೆ ಆಹಾರ, ತೇವ ಮತ್ತು ತಂಗಲು ಜಾಗ ಸಿಗದಂತೆ ನೋಡಿಕೊಂಡರೆ ಸಾಕು.

ಈಗ ನೀರಿನ ವಿಷಯಕ್ಕೆ ಬರೋಣ. ನಮ್ಮಲ್ಲಿ ಅನೇಕ ಕೊಳವೆಬಾವಿಗಳು ಸಾವಿರ ಅಡಿಯನ್ನೂ ದಾಟಿವೆ, ಮತ್ತು ಬಹಳಷ್ಟು ಕಡೆ ಬರುವ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಾಗಿರುತ್ತವೆ. ಬಕೆಟ್ಟಿನ ಅಂಚಿಗೆ, ನಲ್ಲಿಯ ಬಾಯಿಗೆ ಕಟ್ಟುವ ಬಿಳಿಯ ಪೊರೆ ಅದೇ. ಸಾಬೂನು ಈ ಲವಣಗಳೊಡನೆ ಸೇರಿದಾಗ ನೀರಿನಲ್ಲಿ ಕರಗದ ಅಂಟು ಗಸಿಯಾಗುತ್ತದೆ. ಅದು ನೊರೆ ಬರಗೊಡುವುದಿಲ್ಲ; ಕಂಕುಳಿನ ಕೂದಲಿಗೂ ಬನಿಯನ್ನಿನ ನೂಲಿಗೂ ಅಂಟಿಕೊಂಡು ಹಳೆಯ ಬೆವರನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಎರಡು ಹೊತ್ತು ಸ್ನಾನ ಮಾಡಿದರೂ ಮಧ್ಯಾಹ್ನದ ಹೊತ್ತಿಗೆ ವಾಸನೆ ಮರಳುತ್ತದೆ ಎನ್ನುವವರು ಮೊದಲು ತಮ್ಮ ಮನೆಯ ನೀರನ್ನು ಪರೀಕ್ಷಿಸಬೇಕು. ಒಂದು ಪಾರದರ್ಶಕ ಬಾಟಲಿಯಲ್ಲಿ ಅರ್ಧದಷ್ಟು ನೀರು ತುಂಬಿ, ಮೈಸಾಬೂನಿನ ಒಂದು ಚೂರನ್ನು ತುರಿದು ಹಾಕಿ, ಮುಚ್ಚಿ ಚೆನ್ನಾಗಿ ಕುಲುಕಿರಿ. ಮೇಲೆ ದಟ್ಟ ನೊರೆ ನಿಂತು ಕೆಳಗಿನ ನೀರು ತಿಳಿಯಾಗಿದ್ದರೆ ನೀರು ಮೆದುವಾಗಿದೆ. ನೊರೆ ಬಾರದೆ ನೀರು ಹಾಲಿನಂತೆ ಬಿಳಿಚಿ ಚೂರುಚೂರು ಗಸಿ ತೇಲಿದರೆ ಗಡಸು ನೀರೆಂದು ತಿಳಿಯಿರಿ. ಈ ಪರೀಕ್ಷೆಗೆ ಡಿಟರ್ಜೆಂಟ್ ಪುಡಿಯನ್ನು ಬಳಸಬಾರದು, ಏಕೆಂದರೆ ಅದು ಗಡಸು ನೀರಿನಲ್ಲಿಯೂ ನೊರೆ ಕೊಡುತ್ತದೆ.

ಗಡಸು ನೀರಿಗೆ ಸೀಗೆಕಾಯಿ ಮತ್ತು ಅಂಟುವಾಳ ಹೇಳಿ ಮಾಡಿಸಿದಂಥವು. ಇವುಗಳಲ್ಲಿರುವ ಸ್ಯಾಪೊನಿನ್ ಎಂಬ ವಸ್ತು ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಿನಂತೆ ಗಸಿಗಟ್ಟುವುದಿಲ್ಲ. ಜಿಡ್ಡನ್ನು ಎತ್ತಿ ನೀರಿನೊಡನೆ ಹೊರಟುಹೋಗುತ್ತದೆ. ಗ್ರಂಧಿಗೆ ಅಂಗಡಿಯಿಂದ ಇಡೀ ಸೀಗೆಕಾಯಿಯನ್ನೇ ತಂದು, ಬಿಸಿಲಿಗೆ ಒಣಗಿಸಿ, ಪುಡಿ ಮಾಡಿಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ತರಿ ಉಳಿದರೆ ಕಂಕುಳಿನ ಮೆದು ಚರ್ಮ ಗೀರುತ್ತದೆ. ಎರಡು ಚಮಚ ಸೀಗೆಪುಡಿಗೆ ಒಂದು ಚಮಚ ಹೆಸರುಹಿಟ್ಟು ಬೆರೆಸಿ, ಉಗುರುಬೆಚ್ಚನೆಯ ನೀರಿನಲ್ಲಿ ಹತ್ತು ನಿಮಿಷ ನೆನೆಸಿಟ್ಟು, ಬೆರಳ ತುದಿಯಿಂದ ಒಂದು ನಿಮಿಷ ಮೆಲ್ಲಗೆ ತಿಕ್ಕಿ ತೊಳೆಯಿರಿ. ಕಣ್ಣಿಗೆ ತಾಗದಂತೆ ಎಚ್ಚರ ವಹಿಸಿರಿ. ಒಣಚರ್ಮದವರಿಗೆ ದಿನ ಬಿಟ್ಟು ದಿನ ಸಾಕು. ಮಳೆನೀರು ಹಿಡಿದಿಟ್ಟಿರುವ ಮನೆಯವರು ಕೊನೆಯ ಒಂದು ಚೊಂಬನ್ನು ಆ ನೀರಿನಿಂದಲೇ ಹಾಕಿಕೊಂಡರೆ ಉಳಿದ ಅಂಟೂ ಹೋಗುತ್ತದೆ. ಆಮೇಲೆ ಒಣಗಿದ ಹತ್ತಿ ಟವೆಲಿನಿಂದ ಒತ್ತಿ ಒರೆಸಿ, ಕಂಕುಳು ಪೂರ್ತಿ ಆರಿದ ನಂತರವೇ ಬಟ್ಟೆ ತೊಡಬೇಕು. ಕಂಕುಳಿನ ಕೂದಲನ್ನು ಕತ್ತರಿಯಿಂದ ಗಿಡ್ಡವಾಗಿಟ್ಟುಕೊಂಡರೆ ಗಂಡಸರಿಗೂ ಹೆಂಗಸರಿಗೂ ಅನುಕೂಲ.

ಮೈ ಶುದ್ಧವಾದರೂ ಅಂಗಿ ಹಳೆಯ ವಾಸನೆಯನ್ನು ಹೊತ್ತುಕೊಂಡಿದ್ದರೆ ಶ್ರಮವೆಲ್ಲ ವ್ಯರ್ಥ. ಒಗೆದು ಮಡಿಸಿಟ್ಟ ಹಳೆಯ ಅಂಗಿಯೊಂದನ್ನು ತೆಗೆದು ಕಂಕುಳಿನ ಭಾಗವನ್ನು ಒಳಮಗ್ಗುಲು ತಿರುಗಿಸಿ ಮುಟ್ಟಿ ನೋಡಿರಿ. ಬಟ್ಟೆ ಮೇಣ ಸವರಿದಂತೆ ಬಿರುಸಾಗಿ, ಹಳದಿಗಟ್ಟಿರುತ್ತದೆ. ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿದಾಗ ಎದ್ದುಬರುವ ಮುಗ್ಗು ವಾಸನೆ ಅಲ್ಲಿಂದಲೇ ಬರುತ್ತದೆ. ಅಂಥ ಬಟ್ಟೆಯನ್ನು ಅರ್ಧ ಬಕೆಟ್ ಬೆಚ್ಚನೆಯ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಬೆರೆಸಿ ಅರ್ಧ ಗಂಟೆ ನೆನೆಸಿ, ಜಾಲಿಸಿ, ಅನಂತರ ಎಂದಿನಂತೆ ಒಗೆಯಿರಿ. ವಿನೆಗರನ್ನು ಬ್ಲೀಚಿಂಗ್ ಪುಡಿಯ ಜೊತೆ ಎಂದಿಗೂ ಬೆರೆಸಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ದಿನನಿತ್ಯದ ಹತ್ತಿ ಬಟ್ಟೆಗೆ ಒಂದು ಬಕೆಟ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಮೊದಲೇ ಕರಗಿಸಿಕೊಂಡರೆ ನೀರಿನ ಗಡಸುತನ ಇಳಿದು ಸಾಬೂನು ಚೆನ್ನಾಗಿ ಕೆಲಸ ಮಾಡುತ್ತದೆ. ರೇಷ್ಮೆಗೆ ಮಾತ್ರ ಸೋಡಾ ತಾಗಿಸಬಾರದು, ಎಳೆ ಹಾಳಾಗುತ್ತದೆ; ಅದಕ್ಕೆ ಅಂಟುವಾಳದ ನೀರೇ ಸರಿ. ಬಟ್ಟೆಯನ್ನು ಒಳಮಗ್ಗುಲು ಹೊರಗೆ ಮಾಡಿ ನೇರ ಬಿಸಿಲಿಗೆ ಹರವಿರಿ. ಬಿಸಿಲಿಗೆ ನಮ್ಮಲ್ಲೇನೂ ಬರವಿಲ್ಲ.

ಪಾಲಿಯೆಸ್ಟರ್ ಬಟ್ಟೆಯಲ್ಲಿ ವಾಸನೆ ಹೆಚ್ಚೆಂಬುದು ಅನುಭವದ ಮಾತಷ್ಟೇ ಅಲ್ಲ. 2014ರಲ್ಲಿ ಪ್ರಕಟವಾದ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ವ್ಯಾಯಾಮದ ನಂತರ ಹತ್ತಿ ಅಂಗಿಗಳಿಗಿಂತ ಪಾಲಿಯೆಸ್ಟರ್ ಅಂಗಿಗಳು ಹೆಚ್ಚು ಕೆಟ್ಟ ವಾಸನೆ ಬೀರಿದವು. ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾಗಳು ಆ ನೂಲಿನ ಮೇಲೆ ಚೆನ್ನಾಗಿ ಬೆಳೆದಿದ್ದವು. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ಕೆಲಸಕ್ಕೆ ಹೋಗುವವರಿಗೆ ಸಮವಸ್ತ್ರದ ಬಟ್ಟೆ ಆರಿಸಿಕೊಳ್ಳುವ ಅವಕಾಶವಿಲ್ಲದಿದ್ದರೆ, ಒಳಗೆ ತೋಳಿರುವ ಹತ್ತಿ ಬನಿಯನ್ ತೊಟ್ಟು ಅದನ್ನು ದಿನವೂ ಬದಲಿಸುವುದು ಒಳ್ಳೆಯ ಉಪಾಯ. ಶಿಡ್ಲಘಟ್ಟದ ರೇಷ್ಮೆ ಬಿಚ್ಚಾಣಿಕೆ ಘಟಕಗಳಲ್ಲಿ ದುಡಿಯುವವರ ಸಮಸ್ಯೆ ಬೇರೆಯದು. ಬೇಯಿಸಿದ ಗೂಡಿನ ಹುಳುವಿನ ವಾಸನೆ ಹೊರಗಿನಿಂದ ಬಟ್ಟೆಗೆ, ತಲೆಗೂದಲಿಗೆ ಹತ್ತುತ್ತದೆ. ಅದಕ್ಕೆ ಕಂಕುಳಿಗೆ ಹಚ್ಚುವ ಯಾವುದೂ ಪ್ರಯೋಜನವಿಲ್ಲ. ಕೆಲಸಕ್ಕೆಂದೇ ಒಂದು ಜೊತೆ ಬಟ್ಟೆ ಇಟ್ಟುಕೊಂಡು, ತಲೆಗೆ ವಸ್ತ್ರ ಕಟ್ಟಿ, ಆ ಬಟ್ಟೆಯನ್ನು ಬೇರೆಯಾಗಿ ನೆನೆಸಬೇಕು.

ತೊಳೆಯುವುದು ಸರಿಯಾದ ಮೇಲೆ ಹಚ್ಚುವ ವಸ್ತುಗಳ ಮಾತು. ನನ್ನ ಮೊದಲ ಆಯ್ಕೆ ಪಟಿಕ. ಕ್ಷೌರದ ಅಂಗಡಿಯಲ್ಲಿ ಗಡ್ಡ ಹೆರೆದ ಮೇಲೆ ಕೆನ್ನೆಗೆ ಉಜ್ಜುವ ಕಲ್ಲು ಇದೇ. ಅಂಚು ಚೂಪಾಗಿಲ್ಲದ ತುಂಡನ್ನು ಒದ್ದೆ ಮಾಡಿ, ತೊಳೆದ ಕಂಕುಳಿಗೆ ಎಂಟು ಹತ್ತು ಬಾರಿ ಸವರಿ, ಎರಡು ನಿಮಿಷ ಆರಲು ಬಿಡಿ. ಕಲ್ಲನ್ನು ತೊಳೆದು ಒಣಗಿಸಿಡಿ, ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ತುಂಡಿರಲಿ. ಆದರೆ ಇದನ್ನು ಅಲ್ಯೂಮಿನಿಯಂ ಇಲ್ಲದ್ದೆಂದು ಹೇಳಿ ಮಾರುವುದು ತಪ್ಪು. ಪಟಿಕವೆಂದರೆ ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಕಂಕುಳಿಗೆ ಹಚ್ಚುವ ಅಲ್ಯೂಮಿನಿಯಂ ಲವಣಗಳಿಂದ ಕ್ಯಾನ್ಸರ್ ಬರುತ್ತದೆಂಬುದು ಸಾಬೀತಾಗಿಲ್ಲ, ಆದರೂ ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಲೇಪ ಬೇಕೆನ್ನುವವರು ಮೂರು ಚಮಚ ಕೊಬ್ಬರಿ ಎಣ್ಣೆಗೆ ಮೂರು ಚಮಚ ಕೂವೆಹಿಟ್ಟು ಕಲಸಿ ಚಿಕ್ಕ ಡಬ್ಬಿಯಲ್ಲಿಟ್ಟುಕೊಳ್ಳಬಹುದು. ಕೂವೆಹಿಟ್ಟು ತೇವ ಹೀರುತ್ತದೆ; ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲಕ್ಕೆ ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಸ್ವಲ್ಪಮಟ್ಟಿಗಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗೆ ಕರಗುವುದರಿಂದ ಬೇಸಿಗೆಯಲ್ಲಿ ಇದು ನೀರಾಗುತ್ತದೆ, ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ. ಅರ್ಧ ಚಮಚ ಜೇನುಮೇಣವನ್ನು ಎಣ್ಣೆಯಲ್ಲಿ ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ ಸೇರಿಸಿದರೆ ಬೇಸಿಗೆಯಲ್ಲಿಯೂ ತುಸು ನಿಲ್ಲುತ್ತದೆ. ಬಟಾಣಿ ಕಾಳಿನಷ್ಟು ಸಾಕು. ಹೆಚ್ಚಾದರೆ ಬಟ್ಟೆಗೆ ಜಿಡ್ಡಿನ ಕಲೆ ಕೂರುತ್ತದೆ. ಯಾವುದೇ ಹೊಸ ವಸ್ತುವನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ಕಾದು ನೋಡಿರಿ.

ನಿಂಬೆರಸದ ಬಗ್ಗೆ ಖಂಡಿತವಾಗಿ ಹೇಳಬೇಕಾಗಿದೆ: ಬೇಡ. ಅದರಲ್ಲಿರುವ ಫ್ಯುರನೋಕುಮರಿನ್ ಎಂಬ ಸಂಯುಕ್ತಗಳು ಚರ್ಮದ ಮೇಲಿರುವಾಗ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆಗಳೆದ್ದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ತೋಳಿಲ್ಲದ ಬನಿಯನ್ನಿನಲ್ಲಿ ಟೊಮೆಟೊ ಬಿಡಿಸುವವರು, ಮಾವಿನ ತೋಟದಲ್ಲಿ ಕೈ ಎತ್ತಿ ಕಾಯಿ ಕೀಳುವವರು ಈ ಅಪಾಯಕ್ಕೆ ನೇರವಾಗಿ ಒಡ್ಡಿಕೊಳ್ಳುತ್ತಾರೆ. ಅಡುಗೆ ಸೋಡಾ ವಾಸನೆಯನ್ನು ತಡೆಯುವುದು ನಿಜ, ಆದರೆ ತುಸು ಆಮ್ಲೀಯವಾಗಿರುವ ಚರ್ಮಕ್ಕೆ ಅದರ ಕ್ಷಾರ ಒಗ್ಗದೆ ಅನೇಕರಿಗೆ ಕೆಂಪು ದದ್ದು, ಉರಿ ಬರುತ್ತದೆ. ಲಾವಂಚ, ಶ್ರೀಗಂಧಗಳು ಹಿತವಾದ ಪರಿಮಳ ಕೊಡುತ್ತವೆ, ಅದಕ್ಕಾಗಿ ಬಳಸಿರಿ. ಕೊಳೆ ತೆಗೆಯುವ ಕೆಲಸವನ್ನು ಅವು ಮಾಡುವುದಿಲ್ಲ. ಬೆಳ್ಳುಳ್ಳಿ, ಮೆಂತ್ಯ ಹೆಚ್ಚು ತಿಂದಾಗ ಮೈವಾಸನೆ ಬದಲಾಗುವುದುಂಟು, ಒಂದೆರಡು ದಿನದಲ್ಲಿ ಸರಿಹೋಗುತ್ತದೆ.

ಕೆಲವು ಲಕ್ಷಣಗಳಿಗೆ ಮನೆಮದ್ದು ಸಲ್ಲದು. ಮೈವಾಸನೆ ದಿಢೀರನೆ ಬದಲಾದರೆ, ಮಧುಮೇಹಿಗಳ ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಬಂದರೆ, ರಾತ್ರಿ ಬೆವರಿ ತೂಕ ಇಳಿಯುತ್ತಿದ್ದರೆ, ಕಂಕುಳಿನಲ್ಲಿ ಗಂಟು, ಕೀವು ಕಂಡರೆ ಆಸ್ಪತ್ರೆಗೆ ಹೋಗಬೇಕು. ಸಂದುಗಳಲ್ಲಿ ತುರಿಕೆಯ ಉಂಗುರಗಳೆದ್ದರೆ ಅದು ಶಿಲೀಂಧ್ರ ಸೋಂಕು. ಔಷಧದ ಅಂಗಡಿಯಲ್ಲಿ ಕೇಳಿ ಹಚ್ಚುವ ಸ್ಟೀರಾಯ್ಡ್ ಮುಲಾಮಿನಿಂದ ಅದು ಉಲ್ಬಣಿಸುತ್ತದೆ.

ಮಕ್ಕಳ ವಿಷಯದಲ್ಲಿ ಹಿರಿಯರು ವಿಶೇಷ ಕಾಳಜಿ ವಹಿಸಬೇಕೆಂದು ಕೇಳಿಕೊಳ್ಳುತ್ತೇನೆ. ಎಂಟು ವರ್ಷಕ್ಕೂ ಮೊದಲೇ ಮಗುವಿನ ಕಂಕುಳಲ್ಲಿ ದೊಡ್ಡವರಂಥ ವಾಸನೆ ಬಂದರೆ ಮಕ್ಕಳ ವೈದ್ಯರಿಗೆ ತೋರಿಸಿರಿ. ಹರೆಯಕ್ಕೆ ಕಾಲಿಡುತ್ತಿರುವ ಹುಡುಗ ಹುಡುಗಿಯರಿಗೆ ಎಲ್ಲರೆದುರು ಮೂಗು ಮುಚ್ಚಿ ತೋರಿಸದೆ, ಒಬ್ಬರೇ ಇದ್ದಾಗ ತೊಳೆಯುವ ಕ್ರಮವನ್ನು ಹೇಳಿಕೊಡಿ. ಆಟದ ಪೀರಿಯಡ್ ಇರುವ ದಿನ ಚೀಲದಲ್ಲಿ ಒಂದು ಒಣ ಬನಿಯನ್, ಸಣ್ಣ ಹತ್ತಿ ಬಟ್ಟೆ, ಇನ್ನೊಂದು ಜೊತೆ ಕಾಲುಚೀಲ ಇಟ್ಟು ಕಳುಹಿಸಿ, ಸಂಜೆ ಮನೆಗೆ ಬಂದ ಕೂಡಲೇ ಶೂಗಳನ್ನು ನಾಲಗೆ ಎತ್ತಿ ಗಾಳಿಗೆ ಇಡುವ ರೂಢಿ ಮಾಡಿಸಿರಿ.