ದೇಶದಲ್ಲಿ ರೈಫಲ್ ಎಷ್ಟಿವೆ? ಅಂದಾಜು ಮಾಡುವುದು ಹೀಗೆ

ಒಂದು ದೇಶದಲ್ಲಿ ಎಷ್ಟು ಕಾರುಗಳಿವೆ ಎಂದು ಕೇಳಿದರೆ ನೋಂದಣಿ ದಾಖಲೆ ನೋಡಿ ಹೇಳಬಹುದು. ರೈಫಲ್ ವಿಷಯದಲ್ಲಿ ಆ ಅನುಕೂಲ ಇಲ್ಲ. ಜಿನೀವಾದ ಸ್ಮಾಲ್ ಆರ್ಮ್ಸ್ ಸರ್ವೇ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, 2017ರ ಕೊನೆಗೆ ಜಗತ್ತಿನಲ್ಲಿ ನೂರು ಕೋಟಿಗೂ ಮಿಕ್ಕಿ ಬಂದೂಕುಗಳಿದ್ದವು. ಸುಮಾರು 85.7 ಕೋಟಿ ನಾಗರಿಕರ ಬಳಿ, 13.3 ಕೋಟಿ ಸೇನೆಗಳ ಬಳಿ, 2.27 ಕೋಟಿ ಪೊಲೀಸರ ಬಳಿ. ನಾಗರಿಕರ ಬಳಿಯಿದ್ದ ಬಂದೂಕುಗಳಲ್ಲಿ ನೋಂದಣಿಯಾಗಿದ್ದವು ಹತ್ತು ಕೋಟಿಯಷ್ಟು ಮಾತ್ರ. ಎಂಟರಲ್ಲಿ ಏಳು ಬಂದೂಕುಗಳಿಗೆ ದಾಖಲೆಯೇ ಇಲ್ಲ ಎಂದಾಯಿತು.

ಹಾಗೆಂದು ಈ ಲೆಕ್ಕವನ್ನು ಕೈಬಿಡುವಂತಿಲ್ಲ. 2019ರ ಮಾರ್ಚ್‌ನಲ್ಲಿ ಕ್ರೈಸ್ಟ್‌ಚರ್ಚ್‌ನ ಮಸೀದಿಗಳಲ್ಲಿ 51 ಜನ ಗುಂಡಿಗೆ ಬಲಿಯಾದ ಮೇಲೆ ನ್ಯೂಜಿಲೆಂಡ್ ಸರ್ಕಾರ ನಿಷೇಧಿತ ಬಂದೂಕುಗಳನ್ನು ಹಣ ಕೊಟ್ಟು ವಾಪಸ್ ಪಡೆಯಿತು. 56 ಸಾವಿರಕ್ಕೂ ಹೆಚ್ಚು ಬಂದೂಕುಗಳು ಬಂದವು. ಇದು ಒಟ್ಟು ಇದ್ದವುಗಳಲ್ಲಿ ಬಹುಪಾಲೋ, ಅರ್ಧವೋ, ಮೂರನೇ ಒಂದೋ? ಖಚಿತವಾಗಿ ಹೇಳಲು ಸಾಧ್ಯವಾಗಲಿಲ್ಲ. ಅಲ್ಲಿ ಪರವಾನಗಿ ಇದ್ದದ್ದು ಮಾಲೀಕನಿಗೆ, ಸಾಮಾನ್ಯ ರೈಫಲ್‌ಗಳನ್ನು ಒಂದೊಂದಾಗಿ ನೋಂದಾಯಿಸುವ ಪದ್ಧತಿ ಇರಲಿಲ್ಲ. ಮೊದಲು ಎಷ್ಟಿದ್ದವು ಎಂಬ ಅಂದಾಜು ಗಟ್ಟಿಯಾಗಿಲ್ಲದಿದ್ದರೆ ಇಷ್ಟು ದೊಡ್ಡ ಕೆಲಸ ಎಷ್ಟರಮಟ್ಟಿಗೆ ಫಲಿಸಿತು ಎಂದು ಅಳೆಯುವುದಕ್ಕೂ ಆಗುವುದಿಲ್ಲ.

ಹೆಜ್ಜೆ 1: ಏನನ್ನು ಎಣಿಸುತ್ತಿದ್ದೀರಿ?

ನಳಿಕೆಯ ಒಳಮೈಯಲ್ಲಿ ತಿರುಚಿದ ಗೆರೆಗಳಿದ್ದು, ಗುಂಡನ್ನು ತಿರುಗಿಸುತ್ತ ಹೊರಬಿಡುವ ಉದ್ದನೆಯ ಕೋವಿಯೇ ರೈಫಲ್. ಚರೆ ಹಾರಿಸುವ ಶಾಟ್‌ಗನ್ ಬೇರೆ, ಪಿಸ್ತೂಲು ಬೇರೆ. ಮೇಲೆ ಹೇಳಿದ ನೂರು ಕೋಟಿಯಲ್ಲಿ ಇವೆಲ್ಲವೂ ಸೇರಿವೆ. ಅದನ್ನೇ ರೈಫಲ್ ಸಂಖ್ಯೆ ಎಂದು ಎತ್ತಿ ಬರೆದರೆ ಲೆಕ್ಕ ಮೊದಲ ಸಾಲಿನಲ್ಲೇ ಕೆಟ್ಟಿತು. ಅಂತರರಾಷ್ಟ್ರೀಯ ಸರಕು ವರ್ಗೀಕರಣ ಇಲ್ಲಿ ನೆರವಿಗೆ ಬರುತ್ತದೆ: ಬೇಟೆ ಮತ್ತು ಗುರಿಕ್ರೀಡೆಯ ರೈಫಲ್‌ಗಳಿಗೆ 9303.30, ಶಾಟ್‌ಗನ್‌ಗಳಿಗೆ 9303.20, ಸೇನಾ ಶಸ್ತ್ರಗಳಿಗೆ 9301. ಆಮದು ರಫ್ತಿನ ಅಂಕಿಅಂಶ ನೋಡುವಾಗ ಈ ಸಂಖ್ಯೆಗಳು ಪಕ್ಕದಲ್ಲಿರಲಿ.

ಹೆಜ್ಜೆ 2: ಸೇನೆಯ ಲೆಕ್ಕ

ಇದು ಸುಲಭ ಎಂದು ತೋರುತ್ತದೆ. ಸೈನಿಕರ ಸಂಖ್ಯೆ ತೆಗೆದುಕೊಂಡು ತಲೆಗೆ ಒಂದಕ್ಕಿಂತ ತುಸು ಹೆಚ್ಚು ರೈಫಲ್ ಎಂದು ಗುಣಿಸಿಬಿಡುವುದು. ತರಬೇತಿಗೆ, ದುರಸ್ತಿಗೆ, ತುರ್ತಿಗೆ ಎಂದು ಒಂದಷ್ಟು ಹೆಚ್ಚುವರಿ ಇರಲೇಬೇಕಲ್ಲ. ಆದರೆ ಇಂದಿನ ಸೈನಿಕರ ಸಂಖ್ಯೆಯಿಂದ ಗುಣಿಸುವುದೇ ಈ ಲೆಕ್ಕದಲ್ಲಿ ಆಗುವ ದೊಡ್ಡ ತಪ್ಪು ಎಂದು ನಾನು ತಿಳಿದಿದ್ದೇನೆ. ಸೈನಿಕ ನಿವೃತ್ತನಾಗುತ್ತಾನೆ, ಅವನ ರೈಫಲ್ ಆಗುವುದಿಲ್ಲ. ಗ್ರೀಸ್ ಬಳಿದು ಮರದ ಪೆಟ್ಟಿಗೆಯಲ್ಲಿಟ್ಟರೆ ಅದು ಉಗ್ರಾಣದಲ್ಲಿ ದಶಕಗಟ್ಟಲೆ ಹಾಗೇ ಉಳಿಯುತ್ತದೆ. ರಷ್ಯಾ ಸೇನೆ 1891ರಲ್ಲಿ ಒಪ್ಪಿಕೊಂಡ ಮೊಸಿನ್ ರೈಫಲ್ ಸುಮಾರು 3.7 ಕೋಟಿ ತಯಾರಾಯಿತು. ನೂರು ವರ್ಷ ದಾಟಿದ ಮೇಲೂ ಅದು ಬೇಟೆಗಾರರ ಕೈಯಲ್ಲಿದೆ, ಯುದ್ಧಭೂಮಿಯಲ್ಲೂ ಕಾಣಿಸಿಕೊಂಡಿದೆ.

ಹಾಗಾಗಿ ಸೇನೆ ಅತಿ ದೊಡ್ಡದಾಗಿದ್ದ ವರ್ಷ ಯಾವುದು ಎಂದು ಹುಡುಕಿ, ಮೀಸಲು ಪಡೆಯನ್ನೂ ಸೇರಿಸಿ. ಒಂದು ಕಾಲ್ಪನಿಕ ದೇಶವನ್ನು ತೆಗೆದುಕೊಳ್ಳೋಣ. ಈಗ ಅಲ್ಲಿ ಮೀಸಲು ಸೇರಿ 5 ಲಕ್ಷ ಸೈನಿಕರು. ತಲೆಗೆ 1.2ರಂತೆ 6 ಲಕ್ಷ ರೈಫಲ್. ಮೂವತ್ತು ವರ್ಷದ ಹಿಂದೆ ಅದೇ ಸೇನೆಯಲ್ಲಿ 12 ಲಕ್ಷ ಜನರಿದ್ದರು ಎನ್ನಿ. ಆಗಿನ ಲೆಕ್ಕ 14.4 ಲಕ್ಷ. ಅದರಲ್ಲಿ ನಾಶಪಡಿಸಿದ್ದು 1 ಲಕ್ಷ, ಬೇರೆ ದೇಶಗಳಿಗೆ ಕೊಟ್ಟಿದ್ದು 1.5 ಲಕ್ಷ ಎಂದು ದಾಖಲೆ ಇದ್ದರೆ ಉಳಿದದ್ದು 11.9 ಲಕ್ಷ. ಒಂದೇ ಸೇನೆ, ಎರಡು ಉತ್ತರ, ಒಂದು ಇನ್ನೊಂದರ ಇಮ್ಮಡಿ. ಎರಡನ್ನೂ ಬರೆದಿಟ್ಟುಕೊಳ್ಳಿ.

ಸೇನೆಯದು ಯಾವುದು, ನಾಗರಿಕರದು ಯಾವುದು ಎಂಬ ಗಡಿರೇಖೆಯ ಬಗ್ಗೆಯೂ ಎಚ್ಚರ ಬೇಕು. ಸ್ವಿಟ್ಜರ್ಲೆಂಡಿನ ಸೈನಿಕರು ಸೇವಾ ಅವಧಿಯಲ್ಲಿ ತಮ್ಮ ರೈಫಲನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದು. ಬಿಡುಗಡೆಯಾದ ಮೇಲೆ ನಿಯಮ ಪಾಲಿಸಿ ಅದನ್ನು ಸ್ವಂತಕ್ಕೆ ಪಡೆಯಬಹುದು. ಆ ದಿನದಿಂದ ಅದು ನಾಗರಿಕ ರೈಫಲ್. ಅಲ್ಬೇನಿಯಾದಲ್ಲಿ 1997ರ ದಂಗೆಯ ವೇಳೆ ಜನ ಸೇನೆಯ ಶಸ್ತ್ರಾಗಾರಗಳಿಗೆ ನುಗ್ಗಿದರು, ಕೆಲವೇ ವಾರಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಆಯುಧಗಳು ಮನೆಗಳನ್ನು ಸೇರಿದವು. ಇಂಥ ಘಟನೆ ನಿಮ್ಮ ದೇಶದ ಚರಿತ್ರೆಯಲ್ಲಿದ್ದರೆ ಸೇನೆಯ ಕಡೆ ಕಳೆಯಿರಿ, ನಾಗರಿಕರ ಕಡೆ ಕೂಡಿ. ಎರಡೂ ಕಡೆ ಬಿಟ್ಟರೂ ತಪ್ಪು, ಎರಡೂ ಕಡೆ ಎಣಿಸಿದರೂ ತಪ್ಪು. ಪೊಲೀಸ್ ಮತ್ತು ಅರೆಸೇನಾ ಪಡೆಗಳನ್ನು ಮೂರನೇ ಕಲಂನಲ್ಲಿ ಪ್ರತ್ಯೇಕವಾಗಿಡಿ.

ಹೆಜ್ಜೆ 3: ನಾಗರಿಕರ ಲೆಕ್ಕ, ಮೂರು ದಾರಿಗಳಲ್ಲಿ

ಮೊದಲನೆಯದು ನೋಂದಣಿ. ಇದ್ದರೆ ಅದು ನೆಲಗಟ್ಟು, ಅದಕ್ಕಿಂತ ಕಡಿಮೆ ಇರಲಾರದು. ಆದರೆ ಎಲ್ಲೆಡೆ ಸಿಗುವುದಿಲ್ಲ. ಅಮೆರಿಕದಲ್ಲಿ 1986ರ ಕಾನೂನು ಕೇಂದ್ರ ಮಟ್ಟದ ಬಂದೂಕು ನೋಂದಣಿಯನ್ನೇ ತಡೆದಿದೆ. ಕೆನಡಾ 2012ರಲ್ಲಿ ಸಾಮಾನ್ಯ ರೈಫಲ್, ಶಾಟ್‌ಗನ್‌ಗಳ ನೋಂದಣಿಯನ್ನು ರದ್ದುಮಾಡಿತು.

ಎರಡನೆಯದು ಹರಿವಿನ ಲೆಕ್ಕ: ದೇಶದಲ್ಲಿ ತಯಾರಾದದ್ದು, ಅದಕ್ಕೆ ಆಮದು ಕೂಡಿ, ರಫ್ತು ಕಳೆಯಿರಿ, ವರ್ಷ ವರ್ಷವೂ ಸೇರಿಸುತ್ತ ಬನ್ನಿ. ಅಮೆರಿಕದ ತಯಾರಿಕಾ ವರದಿ ರೈಫಲ್, ಶಾಟ್‌ಗನ್, ಪಿಸ್ತೂಲು, ರಿವಾಲ್ವರ್ ಎಂದು ಬಿಡಿಸಿಯೇ ಕೊಡುತ್ತದೆ. ಅಲ್ಲಿ 1998ರ ನವೆಂಬರಿನಿಂದ ನಡೆಯುತ್ತಿರುವ ಖರೀದಿದಾರರ ಹಿನ್ನೆಲೆ ತಪಾಸಣೆಯ ಸಂಖ್ಯೆಯನ್ನು ಮಾತ್ರ ಮಾರಾಟದ ಸಂಖ್ಯೆ ಎಂದು ಓದಬೇಡಿ. ಒಂದು ತಪಾಸಣೆಯಲ್ಲಿ ಎರಡು ಬಂದೂಕು ಮಾರಿರಬಹುದು, ಬರೀ ಪರವಾನಗಿಗೆಂದು ತಪಾಸಣೆ ನಡೆದು ಒಂದೂ ಮಾರಿರದೆ ಇರಬಹುದು.

ಈ ದಾರಿಯ ಕಷ್ಟವೆಲ್ಲ ಇರುವುದು ಸವಕಳಿಯಲ್ಲಿ. ತುಕ್ಕು ಹಿಡಿದು, ಒಡೆದು, ನೀರಿಗೆ ಬಿದ್ದು, ಬೆಂಕಿಗೆ ಸಿಕ್ಕಿ ವರ್ಷಕ್ಕೆ ನೂರರಲ್ಲಿ ಎಷ್ಟು ಹೋಗುತ್ತವೆ? ಐವತ್ತು ವರ್ಷದ ಹಿಂದೆ ಮಾರಿದ ಒಂದು ಲಕ್ಷ ರೈಫಲ್‌ಗಳನ್ನು ಹಿಡಿದು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಅರ್ಧ ಶೇಕಡಾ ಹೋದರೆ ಇಂದಿಗೆ ಉಳಿಯುವುದು ಸುಮಾರು 78 ಸಾವಿರ. ಶೇ 1 ಆದರೆ 60 ಸಾವಿರ. ಶೇ 2 ಆದರೆ 36 ಸಾವಿರ. ಕಳೆದ ವರ್ಷದ ಮಾರಾಟ ಎಷ್ಟು ಎಂದು ಜನ ಜಗಳವಾಡುತ್ತಾರೆ. ಆದರೆ ಉತ್ತರವನ್ನು ಅಲುಗಾಡಿಸುವುದು ಈ ಪುಟ್ಟ ಶೇಕಡಾವಾರು. ಅಜ್ಜನ ಕಾಲದ ರೈಫಲ್ ಅಟ್ಟದಲ್ಲಿ ಇನ್ನೂ ಇದೆಯೇ, ಇಲ್ಲವೇ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ. ಹಳೆಯದರಲ್ಲಿ ಎಷ್ಟೋ ರೈಫಲ್‌ಗಳಿಗೆ ಸರಣಿ ಸಂಖ್ಯೆಯೂ ಇಲ್ಲ. ಅಮೆರಿಕದಲ್ಲಿ ಅದು ಎಲ್ಲ ಬಂದೂಕುಗಳಿಗೂ ಕಡ್ಡಾಯವಾದದ್ದು 1968ರ ಕಾನೂನಿನಿಂದ.

ಮೂರನೆಯದು ಮನೆಮನೆ ಸಮೀಕ್ಷೆ. ಇಲ್ಲಿ ಪ್ರಶ್ನೆ ಕೇಳುವ ಬಗೆ ಮುಖ್ಯ. ನಿಮ್ಮ ಬಳಿ ಇದೆಯೇ, ನಿಮ್ಮ ಮನೆಯಲ್ಲಿ ಇದೆಯೇ ಎಂಬುವು ಬೇರೆ ಬೇರೆ ಪ್ರಶ್ನೆಗಳು. ಮನೆಯ ಬಗ್ಗೆ ಕೇಳಿದಾಗಲೂ ಅಮೆರಿಕದ ಸಮೀಕ್ಷೆಗಳಲ್ಲಿ ಇದೆ ಎನ್ನುವ ಗಂಡಂದಿರು ಹೆಚ್ಚು, ಹೆಂಡತಿಯರು ಕಡಿಮೆ. ಇನ್ನೊಂದು ತೊಡಕೆಂದರೆ ಹಂಚಿಕೆ. ಅಲ್ಲಿ 2015ರಲ್ಲಿ ನಡೆದ ಒಂದು ಸಮೀಕ್ಷೆಯಲ್ಲಿ ಅರ್ಧದಷ್ಟು ಬಂದೂಕುಗಳು ವಯಸ್ಕರಲ್ಲಿ ಶೇ 3 ಜನರ ಬಳಿಯೇ ಇದ್ದವು. ಸಾವಿರ ಜನರನ್ನು ಮಾತನಾಡಿಸಿದರೆ ಅಂಥವರು ಸಿಗುವುದು ಮೂವತ್ತು. ಅವರಲ್ಲಿ ಹತ್ತು ಜನ ಬಾಯಿಬಿಡದೆ ಹೋದರೆ ಸರಾಸರಿಯೇ ಕುಸಿಯುತ್ತದೆ.

ಹೆಜ್ಜೆ 4: ಒಂದರ ಪಕ್ಕ ಒಂದಿಡಿ

ಅದೇ ಕಾಲ್ಪನಿಕ ದೇಶದಲ್ಲಿ 1.25 ಕೋಟಿ ಮನೆಗಳು. ಶೇ 8 ಮನೆಯವರು ಬಂದೂಕಿದೆ ಎಂದರು, ಮನೆಗೆ ಸರಾಸರಿ ಎರಡು. ಅಲ್ಲಿಗೆ 20 ಲಕ್ಷ. ಮುಚ್ಚಿಟ್ಟವರನ್ನೂ ಸೇರಿಸಿ ಶೇ 10 ಎಂದು ಹಿಡಿದರೆ 25 ಲಕ್ಷ. ಪರವಾನಗಿ ದಾಖಲೆಯಲ್ಲಿ ರೈಫಲ್‌ಗಳ ಪಾಲು ಶೇ 45 ಇದ್ದರೆ ರೈಫಲ್ 9ರಿಂದ 11.25 ಲಕ್ಷ. ಹರಿವಿನ ಲೆಕ್ಕವೂ ಹೆಚ್ಚು ಕಡಿಮೆ ಅಲ್ಲಿಗೇ ಬಂದರೆ ನೆಮ್ಮದಿ. ಅದು 20 ಲಕ್ಷ ತೋರಿಸಿದರೆ ಸರಾಸರಿ ತೆಗೆದು ಸುಮ್ಮನಾಗಬೇಡಿ. ಸವಕಳಿ ಕಡಿಮೆ ಹಿಡಿದೆವೋ, ಕಳ್ಳದಾರಿಯಲ್ಲಿ ಗಡಿ ದಾಟಿ ಹೋದವೋ, ಸಮೀಕ್ಷೆಯಲ್ಲಿ ಜನ ಮುಚ್ಚಿಟ್ಟರೋ ಎಂದು ಹುಡುಕಿ.

ಹೆಜ್ಜೆ 5: ಬರೆಯುವುದು

ಒಂದೇ ಸಂಖ್ಯೆ ಕೊಡಬೇಡಿ, ಎರಡು ತುದಿಗಳನ್ನೂ ಕೊಡಿ. ದಿನಾಂಕ ಇರಲಿ, ಸವಕಳಿ ಎಷ್ಟು ಹಿಡಿದಿರಿ, ಸೈನಿಕನಿಗೆ ಎಷ್ಟು ರೈಫಲ್ ಎಂದು ಗುಣಿಸಿದಿರಿ ಎಂಬುದೂ ಇರಲಿ. ನಮ್ಮ ಉದಾಹರಣೆಯಲ್ಲಿ ಕೊನೆಯ ಸಾಲು ಹೀಗಿರುತ್ತದೆ: ನಾಗರಿಕರ ಬಳಿ 9ರಿಂದ 11.25 ಲಕ್ಷ ರೈಫಲ್, ಸೇನೆಯ ಬಳಿ 6ರಿಂದ 11.9 ಲಕ್ಷ. ಸೇನೆಯ ಅಂತರ ಎಷ್ಟು ಅಗಲವಾಗಿದೆ ನೋಡಿ. ಮುಂದೆ ಸಮಯ, ಹಣ ಇದ್ದರೆ ಇನ್ನೊಂದು ಮನೆಮನೆ ಸಮೀಕ್ಷೆಗೆ ಹೋಗುವ ಮೊದಲು ಆ ಹಳೆಯ ಉಗ್ರಾಣಗಳ ಕಡತ ಕೇಳಿ.