ಹುಡುಗಿಯ ಅಪ್ಪ, ಪೇದೆ, ಬೀಗ

ಟೀವಿಯಲ್ಲಿ ನಾನು ಎಷ್ಟು ಸಲ ಸತ್ತಿದ್ದೇನೆ ಅನ್ನೋ ಲೆಕ್ಕ ನಮ್ಮವ್ವನ ಹತ್ತಿರ ಇದೆ. ಹನ್ನೊಂದು ಸಲ. ಸೀರಿಯಲ್ಲು, ಸಿನಿಮಾಗಳಲ್ಲಿ ಸಣ್ಣ ಪಾತ್ರ ಮಾಡುವವನು ನಾನು. ಎದೆನೋವಿನಿಂದ ಸತ್ತದ್ದೇ ಜಾಸ್ತಿ. ಸತ್ತ ಮೇಲೆ ಗೋಡೆಗೆ ನನ್ನ ಫೋಟೋ ಹಾಕಿ ಹಾರ ಹಾಕುತ್ತಾರೆ. ಆ ಫೋಟೋ ಮುಂದೆ ಸೊಸೆ ಆರು ತಿಂಗಳು ಅಳುತ್ತಾಳೆ. ಫೋಟೋಗೆ ಪೇಮೆಂಟ್ ಇಲ್ಲ.

ನಮ್ಮೂರು ಗುಳೇದಗುಡ್ಡ. ಮನೆಯಲ್ಲಿ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುವ ಮಗ್ಗ ಇತ್ತು. ಬಾದಾಮಿಯ ಬನಶಂಕರಿ ಹತ್ತಿರವೇ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಅಲ್ಲಿ ವಾರಗಟ್ಟಲೆ ಜಾತ್ರೆ. ನಾಟಕ ಕಂಪನಿಗಳ ತಗಡಿನ ಥೇಟರುಗಳು ಸಾಲಾಗಿ ನಿಲ್ಲುತ್ತವೆ. ದಿನಕ್ಕೆ ಎರಡು ಮೂರು ಆಟ. ಕೊನೆಯ ಆಟ ಮುಗಿಯೋ ಹೊತ್ತಿಗೆ ಬೆಳಕು ಹರಿದಿರುತ್ತದೆ. ನಾನು ಅಲ್ಲಿ ಮೊದಲು ಪರದೆ ಎಳೆದೆ. ಆಮೇಲೆ 'ಬಂದೆ ಧಣಿ' ಎನ್ನುವ ಆಳಾದೆ. ಆಮೇಲೆ ಪೇದೆ. ಕಂಪನಿ ಕಲಿಸುವುದು ದನಿ. ಪಕ್ಕದ ಥೇಟರಿನ ಮೈಕು, ಮಿರ್ಚಿ ಭಜಿ ಅಂಗಡಿಯವನ ಕೂಗು, ಎಲ್ಲ ದಾಟಿ ಕೊನೆಯ ಸಾಲಿಗೆ ಮಾತು ಮುಟ್ಟಬೇಕು.

ಕೈಯ ಪಾಠ ಕಲಿತದ್ದು ಹಳ್ಳಿ ನಾಟಕದಲ್ಲಿ. ನಾಟಕಕಾರ ಕಂದಗಲ್ ಹನುಮಂತರಾಯರು ನಮ್ಮ ಬಾಗಲಕೋಟೆ ಜಿಲ್ಲೆಯವರೇ. ಅವರ 'ರಕ್ತರಾತ್ರಿ'ಯ ಶಕುನಿ ಅಂದರೆ ನಮ್ಮ ಕಡೆ ಸುಮ್ನೆ ಅಲ್ಲ, ಮುಂದಿನ ಸಾಲಿನಲ್ಲಿ ಕೂತ ಮುದುಕರಿಗೆ ಪೂರ್ತಿ ಪಾರ್ಟು ಬಾಯಿಪಾಠ ಇರುತ್ತದೆ. ಒಂದು ಶಬ್ದ ತಪ್ಪಿದರೆ ಅಲ್ಲಿಂದಲೇ ತಿದ್ದುತ್ತಾರೆ. ಆ ಶಕುನಿಯ ತಾಲೀಮಿನಲ್ಲಿ ನಾನು ಬಂದವನೇ ಗುಡುಗಲು ಶುರು ಮಾಡಿದೆ. ಹಾರ್ಮೋನಿಯಂ ಬಾರಿಸುತ್ತಿದ್ದ ಪೇಟಿ ಮಾಸ್ತರು ನಿಲ್ಲಿಸಿದರು. "ತಮ್ಮಾ, ಮಾತು ಆಮ್ಯಾಲ. ಮದ್ಲ ದಾಳ ತಿಕ್ಕು. ಮಂದಿ ಕಣ್ಣು ನಿನ್ನ ಕೈಗೆ ಬರ್ಲಿ."

ಇವತ್ತಿಗೂ ನನ್ನ ಹೊಟ್ಟೆ ತುಂಬಿಸುತ್ತಿರುವುದು ಆ ಒಂದು ಮಾತು.

2006ರಲ್ಲಿ ಬೆಂಗಳೂರಿಗೆ ಬಂದೆ. ಮೊದಲ ಸೀರಿಯಲ್ಲಿನಲ್ಲಿ ಮೊದಲ ಮಾತು ಹೇಳಿದ ಕೂಡಲೇ ಸೌಂಡಿನ ಹುಡುಗ ಕಿವಿಯಿಂದ ಹೆಡ್‌ಫೋನ್ ಕಿತ್ತು ಹಾಕಿದ. ಮೈಕು ನನ್ನ ಅಂಗಿಯೊಳಗೇ ಇತ್ತು, ನಾನು ಬನಶಂಕರಿಯ ಕೊನೆಯ ಸಾಲಿಗೆ ಮಾತಾಡುತ್ತಿದ್ದೆ. ದನಿ ಇಳಿಸಲು ಎರಡು ವರ್ಷ ಬೇಕಾಯಿತು. ಇಳಿಸಿದ್ದು ದನಿ ಮಾತ್ರ ಅಲ್ಲ, ಹುಬ್ಬನ್ನೂ ಇಳಿಸಬೇಕಾಯಿತು.

ಭಾಷೆಯದು ಬೇರೆ ಕಥೆ. "ಅಣ್ಣಾ, ಸ್ವಲ್ಪ ಉತ್ತರ ಕರ್ನಾಟಕ ಹಾಕಿ" ಎನ್ನುತ್ತಾರೆ, ಸಾರಿಗೆ ಉಪ್ಪು ಹಾಕಿ ಅಂದ ಹಾಗೆ. ಬೆಳಗಾವಿಯವರ ಮಾತಿನಲ್ಲಿ ಮರಾಠಿ ಸುಳಿಯುತ್ತದೆ, ನಾವು 'ಮಾಡಾಕತ್ತೀನಿ' ಎನ್ನುತ್ತೇವೆ, ಧಾರವಾಡದ ಕೆಲವು ಮನೆಗಳಲ್ಲಿ 'ಮಾಡ್ಲಿಕ್ಕತ್ತೀನಿ'. ಡೈಲಾಗ್ ಪೇಪರಿನಲ್ಲಿ ಬರುವುದು ಮಾತ್ರ ಒಂದೇ, 'ಲೇ ಮಗನಾ'. ಒಮ್ಮೆ ಹೆಣ್ಣು ಕೊಡಲು ಬಂದ ಬೀಗರಿಗೆ ನಾನು 'ಲೇ' ಎನ್ನಬೇಕಿತ್ತು. ನಮ್ಮೂರಲ್ಲಿ ಹಾಗೆ ಅಂದರೆ ಎಲೆ ಬಿಟ್ಟು ಎದ್ದು ಹೋಗುತ್ತಾರೆ. ಬರ್ರಿ, ಕುಂದರ್ರಿ, ಚಾ ಕುಡೀರಿ. ನಮ್ಮ ಮಾತಿನಲ್ಲಿ 'ರೀ' ಎಷ್ಟಿದೆ ಅಂತ ಬರೆಯುವವರಿಗೆ ಗೊತ್ತೇ ಇಲ್ಲ ಅನಿಸುತ್ತದೆ. ಮೊದಮೊದಲು ಜಗಳಾಡುತ್ತಿದ್ದೆ, ಎರಡು ಕಡೆ ಪಾತ್ರವೇ ಹೋಯಿತು. ಈಗ ರಿಹರ್ಸಲ್‌ನಲ್ಲಿ ಅವರು ಬರೆದದ್ದನ್ನು ಒಂದು ಸಲ ಹೇಳುತ್ತೇನೆ. ಎರಡನೇ ಸಲ, ಮರೆತವನ ಹಾಗೆ, ನಮ್ಮ ಮಾತಿನಲ್ಲಿ ಹೇಳುತ್ತೇನೆ. ಹತ್ತರಲ್ಲಿ ಆರು ಸಲ ನಿರ್ದೇಶಕರು "ಎರಡನೇದೇ ಇರಲಿ" ಎನ್ನುತ್ತಾರೆ.

ಕಂಟಿನ್ಯೂಟಿಯಲ್ಲಿ, ಅಂದರೆ ಒಂದು ಶಾಟ್‌ನಲ್ಲಿ ಮಾಡಿದ್ದನ್ನು ಮುಂದಿನದರಲ್ಲೂ ಹಾಗೇ ಮಾಡುವುದರಲ್ಲಿ, ಮರ್ಯಾದೆ ಹೋದದ್ದನ್ನು ಹೇಳಲೇಬೇಕು. ಮದುವೆ ಮಾತುಕತೆಯ ಸೀನು. ನಾನು ಹುಡುಗಿಯ ಅಪ್ಪ. ಇಡೀ ಸೀನನ್ನು ಒಟ್ಟಿಗೇ ತೆಗೆಯುವ ಮಾಸ್ಟರ್ ಶಾಟ್‌ನಲ್ಲಿ ಮಾತಿನ ನಡುವೆ ಬಲಗೈಯಲ್ಲಿ ಚಾ ಲೋಟ ಎತ್ತಿದೆ, ಅದು ಯಾವ ಶಬ್ದಕ್ಕೆ ಅಂತ ನೆನಪಿಟ್ಟುಕೊಳ್ಳಲಿಲ್ಲ. ಕ್ಲೋಸಪ್‌ನಲ್ಲಿ ಎಡಗೈ ಹೋಯಿತು. ಕಟ್. ಮತ್ತೆ ಬಲಗೈ, ಆದರೆ ತಡವಾಗಿ. ಕಟ್. ಎಂಟು ಟೇಕ್. ನಾಯಕಿ ಅಷ್ಟೂ ಹೊತ್ತು ಗ್ಲಿಸರಿನ್ ಹಾಕಿಕೊಂಡು ಕಾಯುತ್ತಿದ್ದಳು, ಪಾಪ. ಕೊನೆಗೆ ನನ್ನ ಕ್ಲೋಸಪ್ಪೇ ಬೇಡ ಎಂದು ಮುಂದೆ ಹೋದರು. ಎಪಿಸೋಡಿನಲ್ಲಿ ನನ್ನ ಬೆನ್ನು ಬಂತು.

ಅವತ್ತಿನಿಂದ ಪೇಪರ್ ಕೈಗೆ ಬಂದ ಕೂಡಲೇ ಪೆನ್ನು ಹಿಡಿಯುತ್ತೇನೆ. 'ಬೀಗರ' ಎಂಬಲ್ಲಿ ಲೋಟ ಎತ್ತು. 'ಬಂಗಾರ' ಎಂಬಲ್ಲಿ ತುಟಿಯವರೆಗೆ, ಕುಡಿಯಬೇಡ. 'ಐದು ತೊಲಿ' ಎಂದು ಕೇಳಿದ ಮೇಲೆ ಇಳಿಸು. ಶಬ್ದಕ್ಕೆ ಕೈ ಕಟ್ಟಿಬಿಟ್ಟರೆ ಹತ್ತು ಆಂಗಲ್‌ನಲ್ಲಿ ತೆಗೆದರೂ ತಪ್ಪುವುದಿಲ್ಲ. ಇನ್ನೂ ಒಂದು ಲಾಭ ಇದೆ. ಐದು ತೊಲೆ ಕೇಳಿ ಚಾ ಕುಡಿಯದೆ ಲೋಟ ಇಳಿಸಿದ ಅಪ್ಪನನ್ನು ಎಡಿಟರ್ ಕತ್ತರಿಸುವುದಿಲ್ಲ. ಆ ಎರಡು ಸೆಕೆಂಡು ಅವರಿಗೂ ಬೇಕು. ಸಣ್ಣ ಪಾತ್ರದವರಿಗೆ ಸಿಗುವುದೇ ಈ ಎರಡೆರಡು ಸೆಕೆಂಡು. ಮುಖದಲ್ಲಿ ಜಾಸ್ತಿ ತೋರಿಸಿದರೆ ಅದೂ ಹೋಗುತ್ತದೆ.

ಈ ಕೆಲಸದಲ್ಲಿ ನಾನು ಕಣ್ಣಿಟ್ಟು ನೋಡಿದ್ದು ವೈಜನಾಥ ಬಿರಾದಾರರನ್ನು. ಬೀದರ್ ಕಡೆಯವರು. ಕುಡುಕ, ಭಿಕ್ಷುಕ ಅಂತಲೇ ಜನ ಅವರನ್ನು ಗುರುತು ಹಿಡಿಯುತ್ತಿದ್ದರು. ಗಿರೀಶ್ ಕಾಸರವಳ್ಳಿ ಅವರ 'ಕನಸೆಂಬೋ ಕುದುರೆಯನೇರಿ'ಯಲ್ಲಿ ಅವರು ಹೆಣಕ್ಕೆ ಕುಣಿ ತೋಡುವ ಈರ್ಯ. ಆ ಪಾತ್ರಕ್ಕೆ ಸ್ಪೇನ್ ದೇಶದ ಮದ್ರಿದ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಆಮೇಲಾದರೂ ದೊಡ್ಡ ಪಾತ್ರಗಳು ಸಾಲುಗಟ್ಟಿ ಬರಬೇಕಿತ್ತು, ಅಲ್ವಾ? ಬರಲಿಲ್ಲ. ನಾನು ಆ ಸಿನಿಮಾವನ್ನು ಮೂರು ಸಲ ನೋಡಿದೆ, ಒಂದು ಸಲ ಸದ್ದು ಪೂರ್ತಿ ಬಂದ್ ಮಾಡಿ. ಮಾತಿಲ್ಲದೆ ನೋಡಿದಾಗಲೂ ಆ ಮನುಷ್ಯ ಏನು ಯೋಚಿಸುತ್ತಿದ್ದಾನೆ ಅಂತ ತಿಳಿಯುತ್ತಿತ್ತು. ಅವತ್ತು ಹೊಟ್ಟೆಕಿಚ್ಚಿನಿಂದ ನಿದ್ದೆ ಬರಲಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ದಿನದ ಲೆಕ್ಕ. ತಿಂಗಳಿಗೆ ಆರು ದಿನ ಸಿಕ್ಕರೆ ಹಬ್ಬ. ಒಂದು ತಂಡ ಹದಿನಾಲ್ಕು ದಿನದ ಪೇಮೆಂಟ್ ಇನ್ನೂ ಕೊಟ್ಟಿಲ್ಲ, ಸೀರಿಯಲ್ಲೇ ನಿಂತು ಹೋಯಿತು.

2020ರ ಮಾರ್ಚ್‌ನಲ್ಲಿ ಶೂಟಿಂಗ್ ಬಂದ್ ಆದಾಗ ಊರಿಗೆ ಹೋಗಿ ಮಗ್ಗದಲ್ಲಿ ಕೂತೆ. ಕೂತಾಗ ಅಪ್ಪ ನೆನಪಾದ. ಲಾಳಿ ಓಡಿಸುತ್ತಾ ಊರ ಸುದ್ದಿ ಎಲ್ಲ ಹೇಳುತ್ತಿದ್ದ. ಎಳೆ ಹರಿದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಬಗ್ಗಿ, ಎರಡು ತುದಿ ಹುಡುಕಿ, ಬೆರಳು ಒದ್ದೆ ಮಾಡಿಕೊಂಡು ಗಂಟು ಹಾಕಿ, ಬಿಟ್ಟ ಶಬ್ದದಿಂದಲೇ ಮತ್ತೆ ಶುರು ಮಾಡುತ್ತಿದ್ದ. ಕೇಳುವವರೂ ಸುಮ್ಮನೆ ಕಾಯುತ್ತಿದ್ದರು. ಹೋದ ವರ್ಷ ಒಂದು ಸೀನಿನಲ್ಲಿ, ಮಗ ಮನೆ ಬಿಟ್ಟು ಹೋದ ಸುದ್ದಿಯನ್ನು ನೆರೆಯವರಿಗೆ ಹೇಳುವಾಗ, ಅಂಗಿಯ ಗುಂಡಿ ಹೊಲಿಯುತ್ತಾ ಹೇಳುತ್ತೇನೆ ಎಂದು ಕೇಳಿಕೊಂಡೆ. 'ಹ್ವಾದ' ಎನ್ನುವ ಹೊತ್ತಿಗೆ ಸೂಜಿಯಿಂದ ದಾರ ಜಾರಿತು. ಪೋಣಿಸಿಕೊಂಡು ಆಮೇಲೆ ಹೇಳಿದೆ. ಯಾರೂ ಕಟ್ ಅನ್ನಲಿಲ್ಲ. ಅವ್ವ ಫೋನ್ ಮಾಡಿ "ನಿಮ್ಮಪ್ಪ ಬಂದಿದ್ದ ನೋಡು ಟೀವ್ಯಾಗ" ಅಂದಳು. ಅಪ್ಪ ಹೋಗಿ ಹದಿನೈದು ವರ್ಷವಾಗಿದೆ.

ಬರುವ ಸೋಮವಾರದಿಂದ ಮೂರು ದಿನ ಒಂದು ಸಿನಿಮಾ ಇದೆ. ಊರ ಹಿರಿಯ, ಪಂಚಾಯ್ತಿ ಸೀನು, ಒಂದೂ ಮಾತಿಲ್ಲ, ಕಟ್ಟೆ ಮೇಲೆ ಕೂತಿರಬೇಕು. ಕೈಯಲ್ಲಿ ಅಡಿಕೆ ಕತ್ತರಿಸುವ ಅಡಕೊತ್ತು ಇಟ್ಟುಕೊಳ್ಳಲಾ ಎಂದು ಕೇಳಿದೆ, ಹೂಂ ಅಂದರು. ಅವರು ಕೊಡುವ ಅಡಕೊತ್ತಿಗೆ ಹರಿತ ಇರುವುದಿಲ್ಲ. ಅವ್ವನದನ್ನೇ ತರಿಸಿಕೊಂಡಿದ್ದೇನೆ.