ಪುಡಿ ಬಿದ್ದ ಮೇಲೆ ಶುರುವಾದ ಕೆಲಸ

ಇಂಡೊಮೆಥಾಸಿನ್ ನೋವು ಮತ್ತು ಊತಕ್ಕೆ ಕೊಡುವ ಔಷಧ. ನೀರಿನಲ್ಲಿ ಅದು ಕರಗುವುದು ತೀರಾ ಕಡಿಮೆ. ಸ್ಯಾಕರಿನ್ ಎಂಬ ಕೃತಕ ಸಿಹಿಕಾರಕದ ಜೊತೆ 1:1 ಅಣು ಪ್ರಮಾಣದಲ್ಲಿ ಒಂದೇ ಹರಳಿನೊಳಗೆ ಕೂರಿಸಿದರೆ ಬೇಗ ಕರಗುತ್ತದೆ. ಔಷಧದ ಅಣು ಬದಲಾಗುವುದಿಲ್ಲ. ಎರಡನ್ನೂ ಹಿಡಿದಿಡುವುದು ಹೈಡ್ರೋಜನ್ ಬಂಧ, ಅಂದರೆ ಅಣುಗಳ ನಡುವಿನ ಒಂದು ದುರ್ಬಲ ಸೆಳೆತ. ಈ ಸಹಸ್ಫಟಿಕವನ್ನು ನಾನು ಇಂಗಾಲದ ಡೈಆಕ್ಸೈಡ್ ಬಳಸಿ ತಯಾರಿಸಿದೆ.

ಸುಮಾರು 31 ಡಿಗ್ರಿ ಸೆಲ್ಸಿಯಸ್ ಮತ್ತು 74 ಬಾರ್ ಒತ್ತಡ ದಾಟಿದರೆ ಈ ಅನಿಲ ಸೂಪರ್‌ಕ್ರಿಟಿಕಲ್ ಸ್ಥಿತಿಗೆ, ಅಂದರೆ ದ್ರವ ಮತ್ತು ಅನಿಲ ಎಂಬ ಭೇದವೇ ಇಲ್ಲದ ಸ್ಥಿತಿಗೆ ಬರುತ್ತದೆ. ಪಾತ್ರೆಯ ನೀಲಮಣಿ ಗಾಜಿನ ಕಿಟಕಿಯಲ್ಲಿ ಅದನ್ನು ಮೊದಲು ನೋಡಿದ ದಿನ ಇನ್ನೂ ನೆನಪಿದೆ. ದ್ರವಕ್ಕೂ ಅನಿಲಕ್ಕೂ ನಡುವೆ ಇದ್ದ ಗೆರೆ ಮಸುಕಾಯಿತು, ಒಳಗೆಲ್ಲ ಹಾಲು ಕದಡಿದಂತಾಯಿತು, ಮರುಕ್ಷಣ ತಿಳಿಯಾಯಿತು. ಗೆರೆ ಮಾತ್ರ ಮತ್ತೆ ಕಾಣಲಿಲ್ಲ.

ಔಷಧ, ಸ್ಯಾಕರಿನ್ ಎರಡನ್ನೂ ಈಥೈಲ್ ಅಸಿಟೇಟ್ ಎಂಬ ದ್ರಾವಕದಲ್ಲಿ ಕರಗಿಸಿ, ಇಂಗಾಲದ ಡೈಆಕ್ಸೈಡ್ ತುಂಬಿ 40 ಡಿಗ್ರಿ, 100 ಬಾರ್‌ನಲ್ಲಿದ್ದ ಪಾತ್ರೆಗೆ ಸಣ್ಣ ನಳಿಕೆಯಿಂದ ಹಾಯಿಸಿದೆ. ದ್ರಾವಕವು ಇಂಗಾಲದ ಡೈಆಕ್ಸೈಡ್‌ನೊಂದಿಗೆ ಬೆರೆತು ಹೋಗುತ್ತದೆ, ಕರಗಿದ್ದದ್ದು ತಟ್ಟನೆ ಪುಡಿಯಾಗಿ ಬೀಳುತ್ತದೆ. ಅಲ್ಲಿಗೆ ಗೆದ್ದೆ ಎಂದುಕೊಂಡು ಒತ್ತಡ ಇಳಿಸಿಬಿಟ್ಟೆ. ಮುಚ್ಚಳ ತೆಗೆದರೆ ಶೋಧಕದ ಮೇಲೆ ಇದ್ದದ್ದು ಅಂಟಂಟಾದ ಹೆಪ್ಪು. ಒತ್ತಡ ಕುಸಿದಂತೆ ಒಳಗೆ ಉಳಿದಿದ್ದ ದ್ರಾವಕ ಮತ್ತೆ ದ್ರವವಾಗಿ ಬೇರ್ಪಟ್ಟು ಪುಡಿಯನ್ನೆಲ್ಲ ನೆನೆಸಿತ್ತು. ಮುಂದಿನ ಸಲದಿಂದ ದ್ರಾವಣ ನಿಲ್ಲಿಸಿದ ಮೇಲೂ ಅದೇ ಒತ್ತಡದಲ್ಲಿ ಶುದ್ಧ ಇಂಗಾಲದ ಡೈಆಕ್ಸೈಡ್ ಹರಿಸುತ್ತಾ ಕಾದೆ: ಪಾತ್ರೆಯ ಗಾತ್ರದ ಹಲವು ಪಟ್ಟು ಹರಿದು, ಆಚೆಯ ಸಂಗ್ರಾಹಕದಲ್ಲಿ ದ್ರಾವಕದ ಹನಿ ನಿಲ್ಲುವವರೆಗೆ. ಆಮೇಲೆ, ಬಿಸಿ ಮಾಡಿದ ಕವಾಟದ ಮೂಲಕ ನಿಧಾನವಾಗಿ ಒತ್ತಡ ಇಳಿಸಿದೆ. ಕವಾಟ ಬಿಸಿ ಇಲ್ಲದಿದ್ದರೆ ಒಣ ಮಂಜುಗಡ್ಡೆ ಕಟ್ಟಿಕೊಂಡು ದಾರಿ ಮುಚ್ಚಿಹೋಗುತ್ತದೆ. ಕೋಣೆಯಲ್ಲಿ ಗಾಳಿಯಾಟವೂ ಅನಿಲಸೂಚಕವೂ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಈಗ ಪುಡಿ ಹತ್ತಿಯಂತೆ ಹಗುರ. ಪುಡಿಯನ್ನು ಕಾಯಿಸುತ್ತಾ ಅದು ಹೀರುವ ಶಾಖವನ್ನು ಅಳೆಯುವುದು ಉಷ್ಣ ವಿಶ್ಲೇಷಣೆ; ಘನ ಕರಗುವಲ್ಲಿ ರೇಖೆ ತಗ್ಗುತ್ತದೆ. ಅದರಲ್ಲಿ ಸಹಸ್ಫಟಿಕ ಕರಗುವ 184 ಡಿಗ್ರಿಯ ದೊಡ್ಡ ತಗ್ಗಿನ ಜೊತೆಗೆ, 160ಕ್ಕಿಂತ ತುಸು ಕೆಳಗೆ ಒಂದು ಸಣ್ಣ ತಗ್ಗು ಕಂಡಿತು. ಇಂಡೊಮೆಥಾಸಿನ್ ತಾನೊಂದೇ ಕಾವಿಗೆ ಕರಗುವುದು 160ರ ಆಸುಪಾಸಿನಲ್ಲಿ. ಜೊತೆಗೆ ಬೇರೊಂದು ಘನ ಇದ್ದರೆ ಇನ್ನೂ ಸ್ವಲ್ಪ ಮೊದಲೇ. ಅಂದರೆ ಜೋಡಿ ಸಿಗದ ಔಷಧ ಉಳಿದಿತ್ತು. ಸಂಗ್ರಾಹಕದ ದ್ರವ ಒಣಗಿಸಿ ನೋಡಿದಾಗ ಸ್ಯಾಕರಿನ್ ಸಿಕ್ಕಿತು. ಹೊರಗೆ ಹರಿಯುವ ದ್ರಾವಕ ಅದನ್ನೂ ಹೊತ್ತೊಯ್ಯುತ್ತಿತ್ತು. ದ್ರಾವಣದಲ್ಲಿ 1:1 ಅಳೆದಿದ್ದೇನೆ ಎಂದರೆ ಪುಡಿಯಲ್ಲೂ 1:1 ಇರುತ್ತದೆ ಎಂದು ನಂಬಿದ್ದೇ ನನ್ನ ತಪ್ಪು. ದ್ರಾವಣವನ್ನು ಗಾಢಗೊಳಿಸಿ ದ್ರಾವಕದ ಪಾಲು ತಗ್ಗಿಸಿದೆ, ಸ್ಯಾಕರಿನ್ ತುಸು ಹೆಚ್ಚಿಗೆ ಹಾಕಿದೆ. ಎಷ್ಟು ಹೆಚ್ಚು ಎಂಬುದು ಪ್ರತಿ ಉಪಕರಣಕ್ಕೂ ಬೇರೆ. ಸಂಗ್ರಾಹಕವನ್ನು ತೂಗಿಯೇ ತಿಳಿಯಬೇಕು.

ಕೊನೆಗೆ ಸಣ್ಣ ತಗ್ಗು ಅಳಿಸಿಹೋಯಿತು. ಹರಳಿನ ಗುರುತು ಹಿಡಿಯುವ ಎಕ್ಸ್-ಕಿರಣ ವಿವರ್ತನೆಯಲ್ಲೂ 11.6 ಡಿಗ್ರಿ ಕೋನದಲ್ಲಿ ಕಾಣಿಸುತ್ತಿದ್ದ ಇಂಡೊಮೆಥಾಸಿನ್‌ನ ಶಿಖರ ಇರಲಿಲ್ಲ.